ಊದಿದರೆ ಸೋಲುವ ಕೈ, ಜೀನ್‌ನೊಳಗಿನ ಒಂದಕ್ಷರ

ಬಿಸಿ ನೂಡಲ್ಸನ್ನು ಉಫ್ ಉಫ್ ಎಂದು ಊದುತ್ತಿದ್ದ ಮಗುವಿನ ಕೈ ಥಟ್ಟನೆ ಸೋತು ಬೀಳುತ್ತದೆ. ತುಸು ಹೊತ್ತಿನಲ್ಲಿ ಏನೂ ಆಗದಂತೆ ಸರಿಹೋಗುತ್ತದೆ! ಕೆಲವು ಮಕ್ಕಳಿಗೆ ಜೋರಾಗಿ ಅತ್ತಾಗ ಹೀಗೆ, ಕೆಲವರಿಗೆ ಕೊಳಲೂದಿದಾಗ. ಊದಿದ ಮಾತ್ರಕ್ಕೆ ಲಕ್ವ ಹೊಡೆದೀತೇ? ಹೊಡೆದೀತು. ಏದುಸಿರು ಬಿಟ್ಟಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ರಕ್ತನಾಳಗಳು ಕುಗ್ಗುತ್ತವೆ. ನಮಗದು ಗೊತ್ತೇ ಆಗುವುದಿಲ್ಲ. ಮೊಯಾಮೊಯಾ ಎಂಬ ರೋಗವಿರುವವರಿಗೆ ಕೈ ಸೋಲಲು ಅಷ್ಟೇ ಸಾಕು.

ಈ ರೋಗದಲ್ಲಿ ಕತ್ತಿನಿಂದ ಮೆದುಳಿಗೇರುವ ಕೆರೋಟಿಡ್ ಧಮನಿಗಳು ತಲೆಬುರುಡೆಯೊಳಗೆ, ತುದಿಯಲ್ಲಿ, ವರ್ಷಗಟ್ಟಲೆ ಕಿರಿದಾಗುತ್ತಾ ಹೋಗುತ್ತವೆ. ಕೊಬ್ಬು ಕಟ್ಟಿಕೊಂಡು ಅಲ್ಲ, ಒಳಗೋಡೆಯೇ ದಪ್ಪಗಾಗಿ! ಕಂಗಾಲಾದ ಮೆದುಳು ನೂಲೆಳೆಯಂಥ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಆಂಜಿಯೋಗ್ರಾಮ್‌ನಲ್ಲಿ ಅವು ಒಲೆಯ ಹೊಗೆಯಂತೆ ಕಾಣುತ್ತವೆ. 1957ರಲ್ಲೇ ಜಪಾನಿನಲ್ಲಿ ವರದಿಯಾದ ಈ ಕಾಯಿಲೆಗೆ ಸುಜುಕಿ ಮತ್ತು ತಕಾಕು ಎಂಬ ವೈದ್ಯರು 1969ರಲ್ಲಿ ಇಟ್ಟ ಹೆಸರಿಗೆ ಆ ಹೊಗೆಯೇ ಕಾರಣ.

ಮೂಲ ಎಲ್ಲಿ? 2011ರಲ್ಲಿ ಸೆಂಡೈ ಮತ್ತು ಕ್ಯೋಟೊದ ಎರಡು ತಂಡಗಳು ಬೇರೆ ಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದು ನಿಂತವು: 17ನೇ ವರ್ಣತಂತು, ಆರ್‌ಎನ್‌ಎಫ್213 ಎಂಬ ಜೀನ್. ಅದು ಕಟ್ಟುವ ಪ್ರೋಟೀನು ದೈತ್ಯ, 5,000ಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸರಪಳಿ. ಜೀನ್‌ನಲ್ಲಿ ಒಂದಕ್ಷರ ಬದಲಾಗಿ, ಸರಪಳಿಯ 4,810ನೆಯ ಸ್ಥಾನದಲ್ಲಿ ಅರ್ಜಿನೈನ್ ಹೋಗಿ ಲೈಸಿನ್ ಬಂದಿದೆ. ಅಷ್ಟೇ! ಜಪಾನಿನ ಬಹುಪಾಲು ರೋಗಿಗಳಲ್ಲಿ ಇದೇ ಬದಲಾವಣೆ.

ಕಥೆ ಮುಗಿಯಿತೆನ್ನುವಾಗಲೇ ಕೈಕೊಟ್ಟಿತು. ಜಪಾನಿನಲ್ಲಿ ಆರೋಗ್ಯವಂತರಲ್ಲೂ ನೂರಕ್ಕೆ ಒಬ್ಬಿಬ್ಬರು ಇದೇ ಬದಲಾವಣೆ ಹೊತ್ತು ಹಾಯಾಗಿದ್ದಾರೆ. ಜೀನನ್ನೇ ಕಿತ್ತುಹಾಕಿದ ಇಲಿಗಳ ಮೆದುಳಿನ ನಾಳಗಳಿಗೂ ತಾವಾಗಿ ಏನೂ ಆಗಲಿಲ್ಲ. ಇನ್ನೊಂದು ಕಡೆ, ಕುಡಗೋಲು ಕಣ ರೋಗ, ಡೌನ್ ಸಿಂಡ್ರೋಮ್ ಇರುವವರಲ್ಲಿ, ಗೆಡ್ಡೆಗೆಂದು ತಲೆಗೆ ವಿಕಿರಣ ಪಡೆದವರಲ್ಲಿ ಇಂಥದೇ ಹೊಗೆ! ಹಾಗಾದರೆ ಜೀನ್ ಬರೀ ಮದ್ದು ತುಂಬಿಡುತ್ತದೆ, ಕಿಡಿ ಬೇರೆಲ್ಲಿಂದಲೋ ಬರಬೇಕು.

ಆ ಕಿಡಿ ಸೋಂಕೇ? 2021ರಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳು ಕಂಡದ್ದು ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ಈ ಪ್ರೋಟೀನು ಜೀವಕೋಶಕ್ಕೆ ನುಗ್ಗಿದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹಿಡಿದು, ಅದರ ಹೊರಕವಚಕ್ಕೆ ಯುಬಿಕ್ವಿಟಿನ್ ಎಂಬ ಗುರುತುಚೀಟಿ ಅಂಟಿಸುತ್ತದೆ. ಪ್ರೋಟೀನಿಗಷ್ಟೇ ಅಂಟುತ್ತದೆಂದು ನಂಬಿದ್ದ ಚೀಟಿ, ಇಲ್ಲಿ ಕೊಬ್ಬು-ಸಕ್ಕರೆಯ ಅಣುವಿನ ಮೇಲೆ! ರಕ್ತನಾಳದ ರೋಗದ ಜೀನ್ ಕಟ್ಟುವ ಪ್ರೋಟೀನು ರೋಗಾಣು ತಡೆಯುವ ಕಾವಲುಗಾರ! ಸೋಂಕು, ಉರಿಯೂತವೇ ಆ ಕಿಡಿ ಎಂಬುದು ಇನ್ನೂ ಸಾಬೀತಾಗಿಲ್ಲ. ಆದರೂ ನನ್ನ ಪಂತ ಅದರ ಮೇಲೆಯೇ.

ಅಂದಹಾಗೆ, ಅತ್ತಾಗಲೋ ಊದಿದಾಗಲೋ ಮಗುವಿನ ಕೈಕಾಲು ಸೋತು ಮತ್ತೆ ಸರಿಹೋದರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ, ನರರೋಗ ತಜ್ಞರಿಗೆ ತೋರಿಸಿ. ನೆತ್ತಿಯ ಚರ್ಮದ ಧಮನಿಯನ್ನು ಮೆದುಳಿನ ಧಮನಿಗೆ ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆ ಇದೆ.