ಹಾಜರಿ ಪುಸ್ತಕದಲ್ಲಿ ಹೆಣ್ಣುಮಗುವಿನ ಹೆಸರು

ನಮ್ಮ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಹಳೆಯ ತಮಿಳು ಶಾಸನಗಳಿವೆ. ಅಲ್ಲಿಂದ ಹಲಸೂರಿನತ್ತ ನಡೆದರೆ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಇಂಥ ಕಡೆ ಶಾಲೆ ನಡೆಸುವುದು ಸುಲಭವಲ್ಲ. ಅದರಲ್ಲಿ ಹೆಣ್ಣುಮಕ್ಕಳನ್ನು ಉಳಿಸಿಕೊಳ್ಳುವುದು ಮತ್ತೂ ಕಷ್ಟ. ಈ ಭಾರವನ್ನು ಸರ್ಕಾರದ ಮಟ್ಟದಲ್ಲಿ ಹೊತ್ತವರಲ್ಲಿ ಶ್ರೀಮತಿ ಗ್ರೇಸ್ ಟಕರ್ ಅವರೊಬ್ಬರು. 1960ರ ಸುಮಾರಿಗೆ ಅವರು ಮೈಸೂರು ರಾಜ್ಯದ ಶಿಕ್ಷಣ ಉಪಮಂತ್ರಿಗಳಾಗಿದ್ದರು.

ಆಗಿನ ಪರಿಸ್ಥಿತಿಯನ್ನು ನೆನೆಯಬೇಕು. 1956ರ ನವೆಂಬರ್ 1ರಂದು ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕನ್ನಡ ಪ್ರದೇಶಗಳು ಒಂದಾದುವು. ಶಾಲೆಯ ಕಾನೂನು ಮಾತ್ರ ಒಂದೊಂದು ಕಡೆ ಒಂದೊಂದು ಬಗೆ. 1961ರ ಜನಗಣತಿಯಂತೆ ರಾಜ್ಯದ ಗಂಡಸರಲ್ಲಿ ನೂರಕ್ಕೆ 36 ಮಂದಿ ಅಕ್ಷರಸ್ಥರು. ಹೆಂಗಸರಲ್ಲಿ ಕೇವಲ 14.

ಅದೇ 1961ರಲ್ಲಿ ಇಡೀ ರಾಜ್ಯಕ್ಕೆ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂದಿತು. ಮಗುವನ್ನು ಶಾಲೆಗೆ ಕಳುಹಿಸುವುದು ತಂದೆತಾಯಿಗಳ ಹೊಣೆ. ತಪ್ಪಿದರೆ ಆದೇಶ, ಆದೇಶವನ್ನೂ ಮೀರಿದರೆ ದಂಡ. ಆದರೆ ದಂಡದಿಂದ ಎಲ್ಲವೂ ನೇರಾಗುವುದಿಲ್ಲವೆಂಬುದನ್ನು ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯ ರಾಷ್ಟ್ರೀಯ ಸಮಿತಿ 1959ರಲ್ಲಿಯೇ ಕಂಡುಕೊಂಡಿತ್ತು. ಉಪಾಧ್ಯಾಯಿನಿಯರು ಬೇಕು, ಅವರಿಗೆ ವಸತಿ ಬೇಕು, ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ಶಾಲೆಯಲ್ಲಿ ತಾಯಿಯಂತಹ ಒಬ್ಬ ಹೆಂಗಸು ಬೇಕು ಎಂಬುದು ಅದರ ಅಭಿಪ್ರಾಯವಾಗಿತ್ತು.

ಈ ಮಾತಿನ ನಿಜ ನನಗೆ ತಿಳಿದದ್ದು ಒಂದು ಮನೆಯ ಬಾಗಿಲಲ್ಲಿ. ಕೆಲವು ವರ್ಷಗಳ ಹಿಂದೆ ನನ್ನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬರುವುದನ್ನೇ ನಿಲ್ಲಿಸಿದಳು. ಹಳಗನ್ನಡ ಪದ್ಯವನ್ನು ತಡವರಿಸದೆ ಓದುತ್ತಿದ್ದವಳು. ಮನೆಗೆ ಹೋದೆ, ಅವಳ ಕಂಕುಳಲ್ಲಿ ವರ್ಷದ ತಮ್ಮನಿದ್ದ. “ನಾನು ನಾಲ್ಕು ಮನೆ ಕೆಲಸಕ್ಕೆ ಹೋಗಬೇಕು ಮೇಷ್ಟ್ರೇ, ಕೂಸನ್ನ ಯಾರು ನೋಡ್ತಾರೆ?” ಎಂದರು ತಾಯಿ. ಕಾನೂನನ್ನು ಹೇಳಲೆಂದು ಹೋದವನಿಗೆ ಬಾಯಿ ಬರಲಿಲ್ಲ. ಹುಡುಗಿ ಮತ್ತೆ ಬರಲಿಲ್ಲ.

2011ರ ಗಣತಿಯ ವೇಳೆಗೆ ನಮ್ಮ ಹೆಂಗಸರಲ್ಲಿ ನೂರಕ್ಕೆ 68 ಮಂದಿ ಅಕ್ಷರಸ್ಥರಾಗಿದ್ದರು. 14ರಿಂದ 68 ಸಣ್ಣ ದಾರಿಯಲ್ಲ. ಆ ದಾರಿಗೆ ಕಲ್ಲು ಹಾಸಿದವರನ್ನು ನಾವು ಮರೆಯಬಾರದು. ಕಾಯಿದೆ ಶಾಲೆಯ ಬಾಗಿಲನ್ನು ತೆರೆಯಿತು. ಹುಡುಗಿ ಒಳಗೆ ಬರಬೇಕಾದರೆ ಅವಳ ಕಂಕುಳಿನ ಕೂಸನ್ನು ಯಾರಾದರೂ ಎತ್ತಿಕೊಳ್ಳಬೇಕು. ಅದು ಸರ್ಕಾರದ ಕೆಲಸವೂ ಹೌದು, ನೆರೆಹೊರೆಯ ಕೆಲಸವೂ ಹೌದು.