ಸೋದರಮಾವನೂ ಮಿದುಳಿನ ಲೆಕ್ಕವೂ

ಮರಾಠಿಯವರ ಮದುವೆಯಲ್ಲಿ ವಧುವನ್ನು ಮಂಟಪಕ್ಕೆ ಕರೆತರುವವನು ಅವಳ ಮಾಮಾ. ನಮ್ಮ ಕಡೆ ಆ ಮಾಮನೇ ಬಾಸಿಂಗ ಕಟ್ಟಿಕೊಂಡು ಮಂಟಪದಲ್ಲಿ ಕುಳಿತಿರುವುದೂ ಉಂಟು! ಪುಣೆಯ ನೆರೆಮನೆಯವರಿಗೆ ಇದನ್ನು ಹೇಳಿದರೆ ಬೆರಗಾಗುತ್ತಾರೆ. ಇಲ್ಲಿಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆಯವರು ಭಾರತದ ಬಂಧುತ್ವವನ್ನು ಕುರಿತು 1953ರಲ್ಲಿ ಹೊರತಂದ ಗ್ರಂಥದಲ್ಲಿ ಈ ಭೇದವನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ಉತ್ತರದಲ್ಲಿ ಹೆಣ್ಣು ಅಪರಿಚಿತರ ಮನೆ ಸೇರುತ್ತಾಳೆ. ದಕ್ಷಿಣದಲ್ಲಿ ಆಡಿ ಬೆಳೆದ ಮನೆಯನ್ನೇ ಸೇರುವುದುಂಟು.

ಈ ಸೋದರಿಕೆಗೂ ಮನುಷ್ಯನ ಮಿದುಳು ದೊಡ್ಡದಾದ ಕಥೆಗೂ ಏನು ನಂಟು ಎಂದು ಕೇಳೀರಿ. ನಂಟು ಉಂಟು.

ಚಿಂಪಾಂಜಿಯ ಮಿದುಳು ಸುಮಾರು 400 ಗ್ರಾಂ. ನಮ್ಮದು ಸುಮಾರು 1,350. ಈ ಅಂತರಕ್ಕೆ ಅಸ್ತಿಭಾರ ಬೀಳುವುದು ಗರ್ಭದಲ್ಲಿ. ಅಲ್ಲಿ ಮಿದುಳಿನ ಮೂಲಕಣ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಇನ್ನೊಂದೇ ಸುತ್ತು ಹೆಚ್ಚಿದರೆ ರಾಶಿಯೆಲ್ಲ ಇಮ್ಮಡಿ. ಆದರೆ ಕಣ ಸರಿಪಾಲಾಗಬೇಕಾದರೆ ಅದರೊಳಗೆ ನೂಲುವ ಕದಿರಿನಂಥ ಎಳೆಗಳ ಕಟ್ಟೊಂದು ನೆಟ್ಟಗೆ ನಿಲ್ಲಬೇಕು. ಕದಿರು ವಾಲಿತೋ, ಮೂಲಕಣಗಳು ಹೆಚ್ಚುವುದು ಬೇಗನೆ ನಿಂತು ಮಿದುಳು ಚಿಕ್ಕದಾಗಿ ಉಳಿಯುತ್ತದೆ.

ಈ ಕದಿರನ್ನು ನೋಡಿಕೊಳ್ಳುವ ಒಂದು ಜೀನಿಗೆ ಎಎಸ್‌ಪಿಎಂ ಎಂದು ಹೆಸರು. ಅದು ಕೆಟ್ಟರೆ ತೀರ ಚಿಕ್ಕ ತಲೆಯ ಕೂಸು ಹುಟ್ಟುತ್ತದೆ ಎಂದು 2002ರಲ್ಲಿ ತಿಳಿಯಿತು. ದಾರಿ ತೋರಿದ್ದು ರಕ್ತಸಂಬಂಧದಲ್ಲೇ ಮದುವೆಯಾಗುವ ಪಾಕಿಸ್ತಾನದ ಕುಟುಂಬಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್, ನಿಮ್ಹಾನ್ಸಿನ ಸತೀಶ ಗಿರಿಮಾಜಿ ಮತ್ತು ಸಂಗಡಿಗರು 2004ರಲ್ಲಿ ಭಾರತದ ಮನೆತನಗಳಲ್ಲೂ ಅದೇ ಜೀನಿನ ಹೊಸ ದೋಷಗಳನ್ನು ಕಂಡರು. 2009ರಲ್ಲಿ ಎಸ್‌ಟಿಐಎಲ್ ಎಂಬ ಮತ್ತೊಂದು ಜೀನೂ ಇದಕ್ಕೆ ಕಾರಣವಾಗುವುದನ್ನು ತೋರಿಸಿಕೊಟ್ಟರು. ವಾನರದಿಂದ ನರನವರೆಗಿನ ಹಾದಿಯಲ್ಲಿ ಎಎಸ್‌ಪಿಎಂ ವೇಗವಾಗಿ ಮಾರ್ಪಟ್ಟಿದೆಯೆಂದು ಬೇರೆ ಪಂಡಿತರು ಅಷ್ಟರಲ್ಲೇ ಲೆಕ್ಕ ಹಾಕಿದ್ದರು. ನಮ್ಮ ತಲೆ ಹಿಗ್ಗಿದ ಬಗೆಯನ್ನು ಹೀಗೆ ಕೆಲವು ಮನೆಗಳ ದುಃಖವೇ ತಿಳಿಸಿಕೊಟ್ಟಿತು.

ಇಲ್ಲೊಂದು ಮಾತು. 1867ರಲ್ಲಿ ಕಾರ್ಲ್ ಫೋಗ್ಟ್ ಎಂಬ ಪಂಡಿತ ಇಂಥ ಮಕ್ಕಳನ್ನು ಕಪಿಮಾನವರೆಂದು ಕರೆದ. ಕಟುಕ ಮಾತು, ಸುಳ್ಳೂ ಹೌದು. ಆ ಮಿದುಳು ಚಿಕ್ಕದಾದರೂ ಮನುಷ್ಯನದೇ. ಬುದ್ಧಿ ನಿಧಾನವಾದರೂ ಎಷ್ಟೋ ಮಕ್ಕಳು ನಡೆಯುತ್ತಾರೆ, ಮಾತಾಡುತ್ತಾರೆ, ಅಮ್ಮನ ಸೆರಗು ಹಿಡಿಯುತ್ತಾರೆ. ಇದೇ ಜೀನಿನ ಒಂದು ಹೊಸ ರೂಪ ಈಚಿನ ಕೆಲವು ಸಾವಿರ ವರ್ಷಗಳಲ್ಲಿ ಹಬ್ಬಿದೆಯೆಂದು 2005ರಲ್ಲಿ ಷಿಕಾಗೋದಿಂದ ಸುದ್ದಿ ಬಂದಿತು; ಆ ರೂಪವುಳ್ಳವರ ತಲೆಯಾಗಲಿ ಬುದ್ಧಿಯಾಗಲಿ ಹೆಚ್ಚೆಂದು ಮುಂದಿನ ಪರೀಕ್ಷೆಗಳಲ್ಲಿ ಕಾಣಲಿಲ್ಲ.

ಇನ್ನು ನಮ್ಮ ಮನೆಯ ಲೆಕ್ಕ. ಜೀನಿನ ಪ್ರತಿಗಳು ಎರಡು, ತಂದೆಯಿಂದೊಂದು, ತಾಯಿಯಿಂದೊಂದು. ಒಂದು ಕೆಟ್ಟಿದ್ದರೆ ಚಿಂತೆಯಿಲ್ಲ. ಎರಡೂ ಕೆಟ್ಟಿದ್ದರೆ ರೋಗ. ಎರಡೂ ಒಬ್ಬನೇ ಹಿರಿಯನಿಂದ ಇಳಿದು ಬಂದಿರುವ ಸಂಭವ ಅಕ್ಕನ ಮಗಳನ್ನು ಮದುವೆಯಾದವನ ಕೂಸಿಗೆ 8ರಲ್ಲಿ 1. ಸೋದರಮಾವನ ಮಗಳನ್ನು ಮದುವೆಯಾದವನ ಕೂಸಿಗೆ 16ರಲ್ಲಿ 1. ಇದು ರೋಗದ ಸಂಭವವಲ್ಲ; ಹಿರಿಯನಲ್ಲಿ ದೋಷವಿದ್ದರೆ ಮಾತ್ರ ಭಯ. ಸೋದರಿಕೆಯ ಮಕ್ಕಳಲ್ಲಿ ಬಹುಪಾಲು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಆದರೆ ತಂದೆತಾಯಿಗಳಿಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿಯಿದ್ದರೆ ಪ್ರತಿ ಬಸಿರಿನಲ್ಲೂ 4ರಲ್ಲಿ 1ರ ಗಂಡಾಂತರ ಉಂಟು.

ಅಂಥ ಕೂಸು ಹುಟ್ಟಿದಾಗ ಮನೆಯ ಹಿರಿಯರು ನೋಡುವುದು ತಾಯಿಯ ಮುಖವನ್ನು. ಗ್ರಹಣ ನೋಡಿದಳು, ಏನೋ ತಿಂದಳು ಎನ್ನುತ್ತಾರೆ. ದೋಷದ ಒಂದು ಪ್ರತಿ ಬಂದದ್ದು ತಂದೆಯಿಂದ. ಸೋದರಿಕೆಯಾದರೆ ಹಲವೊಮ್ಮೆ ಎರಡೂ ಬಂದದ್ದು, ಮೂಲೆಯಲ್ಲಿ ಕುಳಿತು ಅವಳನ್ನು ಬೈಯುತ್ತಿರುವ ಅಜ್ಜಿಯಿಂದಲೇ.