ಕಾವಲುಗಾರನ ಚೆಕ್ಕು ಹೇಳುವ ಇಸವಿ

ಕಥೆಯನ್ನು ನೇರವಾಗಿ ಹೇಳದೆ ಅದರ ಚೂರುಗಳನ್ನಷ್ಟೇ ಅಲ್ಲಲ್ಲಿ ಚೆಲ್ಲಿ, ಅವನ್ನು ಆಯ್ದು ಜೋಡಿಸುವ ಕೆಲಸವನ್ನು ಆಟಗಾರರಿಗೇ ಬಿಡುವ ವಿಡಿಯೋ ಗೇಮ್‌ಗಳು ಹಲವಿದ್ದರೂ, ಈ ಪದ್ಧತಿಯನ್ನು ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಸರಣಿಯಷ್ಟು ದೂರ ಒಯ್ದವು ವಿರಳ. ಅಮೆರಿಕದ ಟೆಕ್ಸಸ್ ರಾಜ್ಯದ ಸ್ಕಾಟ್ ಕಾಥನ್ ಅವರು ಬಹುಮಟ್ಟಿಗೆ ಒಬ್ಬರೇ ರೂಪಿಸಿ 2014ರ ಆಗಸ್ಟ್‌ನಲ್ಲಿ ಹೊರತಂದ ಇದರ ಮೊದಲ ಆಟ ‘ಸರ್ವೈವಲ್ ಹಾರರ್’ ಪ್ರಕಾರಕ್ಕೆ, ಅಂದರೆ ಎದುರಾಳಿಯನ್ನು ಗೆಲ್ಲುವುದಕ್ಕಿಂತ ಭಯದ ನಡುವೆ ಜೀವ ಉಳಿಸಿಕೊಳ್ಳುವುದನ್ನೇ ಗುರಿಯಾಗಿಸಿಕೊಂಡ ಆಟಗಳ ಗುಂಪಿಗೆ ಸೇರುತ್ತದೆ. ಆಟಗಾರನು ಇಲ್ಲಿ ಒಂದು ಪಿಜ್ಜಾ ಅಂಗಡಿಯ ರಾತ್ರಿ ಕಾವಲುಗಾರ. ನಡುರಾತ್ರಿ 12ರಿಂದ ಬೆಳಗಿನ 6ರವರೆಗೆ, ಹೀಗೆ ಐದು ರಾತ್ರಿ, ಒಂದೇ ಕೋಣೆಯಲ್ಲಿ ಕುಳಿತು ಕ್ಯಾಮೆರಾಗಳ ಮೂಲಕ ಅಂಗಡಿಯನ್ನು ನೋಡುತ್ತ, ಬೇಕಾದಾಗ ಎಡಬಲದ ಬಾಗಿಲುಗಳನ್ನು ಮುಚ್ಚುತ್ತ, ಬಾಗಿಲು, ದೀಪ, ಕ್ಯಾಮೆರಾ ಮೂರೂ ಕಬಳಿಸುವ ಮಿತವಾದ ವಿದ್ಯುತ್ತನ್ನು ಬೆಳಗಿನವರೆಗೆ ಸಾಲುವಂತೆ ಬಳಸಬೇಕು.

ಅವನು ಹೆದರಬೇಕಾದದ್ದು ಕಳ್ಳರಿಗಲ್ಲ, ಅಂಗಡಿಯ ಗೊಂಬೆಗಳಿಗೆ. ಒಳಗೆ ಲೋಹದ ಅಸ್ಥಿಪಂಜರ ಮತ್ತು ಮೋಟಾರು, ಹೊರಗೆ ತುಪ್ಪುಳಿನ ವೇಷ, ಬಾಯಲ್ಲಿ ಮುದ್ರಿತ ಹಾಡು, ಇಂಥ ಯಂತ್ರಗೊಂಬೆಗಳಿಗೆ ‘ಅನಿಮ್ಯಾಟ್ರಾನಿಕ್’ ಎಂದು ಹೆಸರು. ಅಟಾರಿ ಕಂಪನಿಯ ಸ್ಥಾಪಕರಲ್ಲೊಬ್ಬರಾದ ನೋಲನ್ ಬುಶ್ನೆಲ್ 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ‘ಚಕ್ ಇ. ಚೀಸ್’ ಮಳಿಗೆಯನ್ನು ತೆರೆದ ಮೇಲೆ, ಊಟ, ಆಟ ಮತ್ತು ಹಾಡುವ ಗೊಂಬೆಗಳನ್ನು ಒಂದೇ ಸೂರಿನಡಿ ಸೇರಿಸಿದ ಹುಟ್ಟುಹಬ್ಬದ ತಾಣಗಳು ಅಮೆರಿಕದಲ್ಲಿ ಹಬ್ಬಿದ್ದವು. ಆಟದ ಫ್ರೆಡ್ಡಿ ಕರಡಿ, ಬಾನಿ ಮೊಲ, ಚಿಕಾ ಕೋಳಿ, ಫಾಕ್ಸಿ ನರಿಗಳು ಆ ತಲೆಮಾರಿನ ನೆನಪಿನಿಂದಲೇ ಎದ್ದು ಬಂದಂತಿವೆ. ಕಾಥನ್ ಅವರಿಗೆ ಗೊಂಬೆಗಳನ್ನು ಹೊಳೆಯಿಸಿದ್ದು ಮಾತ್ರ ಒಂದು ಟೀಕೆ. ಮಕ್ಕಳಿಗಾಗಿ ಅವರು ಹಿಂದೆ ಮಾಡಿದ್ದ ‘ಚಿಪ್ಪರ್ ಅಂಡ್ ಸನ್ಸ್ ಲಂಬರ್ ಕೋ.’ ಎಂಬ ಆಟದ ಪಾತ್ರಗಳು ಹೆದರಿಸುವ ಯಂತ್ರಗೊಂಬೆಗಳಂತೆ ಕಾಣುತ್ತವೆ ಎಂದು ಕೆಲವರು ಹಳಿದಾಗ, ಹಾಗಿದ್ದರೆ ನಿಜವಾಗಿಯೂ ಹೆದರಿಸುವ ಗೊಂಬೆಗಳನ್ನೇ ಮಾಡೋಣವೆಂದು ಅವರು ಹೊರಟರು.

ಆಟದ ನಡುವೆ ಕಥೆಯನ್ನು ಯಾರೂ ಹೇಳುವುದಿಲ್ಲ. ಪ್ರತಿ ರಾತ್ರಿ ಫೋನಿನಲ್ಲಿ ಮುದ್ರಿತವಾದ ಹಳೆಯ ನೌಕರನೊಬ್ಬನ ದನಿ ಕೇಳಿಬರುತ್ತದೆ. ಗೊಂಬೆಗಳು ಮನುಷ್ಯನನ್ನು ವೇಷ ತೊಡದ ಅಸ್ಥಿಪಂಜರವೆಂದು ಭಾವಿಸಿ ವೇಷದೊಳಕ್ಕೆ ತುರುಕಿಬಿಡಬಹುದೆಂದು ಅದು ತಣ್ಣಗೆ ತಿಳಿಸುತ್ತದೆ. ಕ್ಯಾಮೆರಾದಲ್ಲಿ ಕಾಣುವ ಗೋಡೆಯ ನಿಯಮಪಟ್ಟಿ ಒಮ್ಮೊಮ್ಮೆ ಮಾತ್ರ ಪತ್ರಿಕೆಯ ತುಣುಕಾಗಿ ಬದಲಾಗಿ, ಐದು ಮಕ್ಕಳು ಕಾಣೆಯಾದ ಸುದ್ದಿಯನ್ನೂ ಗೊಂಬೆಗಳಿಂದ ರಕ್ತದಂಥ ದ್ರವ ಒಸರುತ್ತಿದೆಯೆಂಬ ದೂರನ್ನೂ ತೋರಿಸುತ್ತದೆ. ಸತ್ತ ಮಕ್ಕಳ ಆತ್ಮಗಳೇ ಗೊಂಬೆಗಳಲ್ಲಿ ನೆಲೆಸಿವೆ ಎಂಬ ಊಹೆಗೆ ಇಷ್ಟು ಸಾಕಾಯಿತು. ಅಭಿಮಾನಿಗಳು ಹೀಗೆ ಕಟ್ಟುವ ವಿವರಣೆಗಳಿಗೆ ‘ಫ್ಯಾನ್ ಥಿಯರಿ’ ಎಂದೂ, ಆಟದ ಘಟನೆಗಳನ್ನೂ ಅವುಗಳ ಹಿಂದಿನದನ್ನೂ ಇಸವಿವಾರು ಹೊಂದಿಸಿದ ಪಟ್ಟಿಗೆ ‘ಟೈಮ್‌ಲೈನ್’ ಎಂದೂ ಕರೆಯುವುದು ರೂಢಿ.

ಮೊದಲ ಆಟ ಬಂದ ಮೂರೇ ತಿಂಗಳಿಗೆ, 2014ರ ನವೆಂಬರ್‌ನಲ್ಲಿ, ಎರಡನೆಯದು ಬಂತು. ಹೊಸ ಕಟ್ಟಡ, ಮಿರುಗುವ ಹೊಸ ಗೊಂಬೆಗಳು, ಮೂಲೆಗೆ ಬಿದ್ದ ಹಳೆಯ ಗೊಂಬೆಗಳು, ಇವೆಲ್ಲ ಮುಂದುವರಿದ ಕಥೆಯ ಲಕ್ಷಣಗಳಂತೆಯೇ ಇದ್ದವು. ಆದರೆ ಐದು ರಾತ್ರಿ ಮುಗಿಸಿದ ಕಾವಲುಗಾರನಿಗೆ ಸಿಗುವ ಸಂಬಳದ ಚೆಕ್ಕಿನ ಮೇಲೆ 1987ರ ನವೆಂಬರ್ 12 ಎಂಬ ದಿನಾಂಕವಿತ್ತು. ಕೊನೆಯಲ್ಲಿ ಬರುವ ಪತ್ರಿಕೆಯ ಸುದ್ದಿ, ತೆರೆದು ಕೆಲವೇ ವಾರಗಳಾದ ಅಂಗಡಿ ಮುಚ್ಚುತ್ತಿದೆಯೆಂದು ಹೇಳುತ್ತಿತ್ತು. ಮೊದಲ ಆಟದ ಫೋನಿನ ದನಿಯಾದರೋ ‘87ರ ಕಡಿತ’ವನ್ನು, ಅಂದರೆ ಗೊಂಬೆಯೊಂದು ಯಾರದೋ ತಲೆಗೆ ಬಾಯಿ ಹಾಕಿದ ಘಟನೆಯನ್ನು, ಮುಗಿದುಹೋದ ಸಂಗತಿಯಾಗಿ ನೆನೆದಿತ್ತು. ಹೀಗಾಗಿ ಎರಡನೆಯ ಆಟ ಮುಂದಿನ ಕಥೆಯಲ್ಲ, ಹಿಂದಿನದು ಎಂಬುದು ಸ್ಥಿರಪಟ್ಟಿತು.

ಅಭಿಮಾನಿಗಳ ಲೆಕ್ಕಾಚಾರದ ಸೊಗಸು ಕಾಣುವುದು ಆ ಚೆಕ್ಕಿನ ಮೊತ್ತದಲ್ಲಿ. ಅದು 100 ಡಾಲರ್ 50 ಸೆಂಟ್. ದಿನಕ್ಕೆ ಆರು ಗಂಟೆಯಂತೆ ಐದು ರಾತ್ರಿಗೆ ಮೂವತ್ತು ಗಂಟೆಯಾಗುವುದರಿಂದ, ಭಾಗಿಸಿದರೆ ಗಂಟೆಗೆ 3 ಡಾಲರ್ 35 ಸೆಂಟ್ ಸಿಗುತ್ತದೆ. 1981ರಿಂದ 1990ರ ಮಾರ್ಚ್‌ವರೆಗೆ ಅಮೆರಿಕದ ಕೇಂದ್ರ ಸರ್ಕಾರ ಗೊತ್ತುಪಡಿಸಿದ್ದ ಕನಿಷ್ಠ ಕೂಲಿ ಸರಿಯಾಗಿ ಅಷ್ಟೇ. ಕೃತಿಯಲ್ಲಿ ತನ್ನ ಕಾಲವನ್ನು ಹೇಳಿಕೊಳ್ಳದ ಹಳಗನ್ನಡ ಕವಿಯ ಕಾಲವನ್ನು ಅವನು ಸ್ಮರಿಸುವ ಪೂರ್ವಕವಿಗಳಿಂದಲೂ ಆಶ್ರಯದಾತನ ಶಾಸನಗಳಿಂದಲೂ ಗೊತ್ತುಮಾಡುವ ವಿದ್ವಾಂಸರಿಗೆ ಈ ಕ್ರಮ ಹೊಸದೆನಿಸಲಾರದು. ಇದೇ ಅಳತೆಗೋಲನ್ನು ಇಸವಿಯಿಲ್ಲದ ಮೊದಲ ಆಟದ ಚೆಕ್ಕಿಗೂ ಹಿಡಿಯಲಾಯಿತು. ಅದರ ಮೊತ್ತ 120 ಡಾಲರ್, ಅಂದರೆ ಗಂಟೆಗೆ 4 ಡಾಲರ್. ಕನಿಷ್ಠ ಕೂಲಿ 1990ರ ಏಪ್ರಿಲ್‌ನಲ್ಲಿ 3 ಡಾಲರ್ 80 ಸೆಂಟ್‌ಗೂ ಮುಂದಿನ ವರ್ಷದ ಏಪ್ರಿಲ್‌ನಲ್ಲಿ 4 ಡಾಲರ್ 25 ಸೆಂಟ್‌ಗೂ ಏರಿ, 1996ರವರೆಗೆ ಅಲ್ಲೇ ನಿಂತಿತ್ತು. 4 ಡಾಲರ್ ಈ ಎರಡರ ನಡುವೆ ಬೀಳುವುದರಿಂದ, ತೆರಿಗೆಯಂಥ ಕಡಿತಗಳು ಹೋಗಿ ಉಳಿದ ಮೊತ್ತವಿದು ಎಂದು ವಾದಿಸಿದವರು ಕಥೆಯನ್ನು 1991ರ ನಂತರಕ್ಕೆ ತಂದರು. 1993 ಎಂಬ ಇಸವಿ ಬಹುಜನರ ಒಪ್ಪಿಗೆ ಪಡೆಯಿತು. ಒಂದು ಚೆಕ್ಕನ್ನು ಕಡಿತವಿಲ್ಲದೆಯೂ ಇನ್ನೊಂದನ್ನು ಕಡಿತವಿದೆಯೆಂದೂ ಓದುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಈ ವಾದ ಎದುರಿಸಲೇಬೇಕು. ಆ ದೃಷ್ಟಿಯಿಂದ 1987ರ ನಿರ್ಣಯದ ಗಟ್ಟಿತನ 1993ರದಕ್ಕೆ ಇಲ್ಲ. ಆರನೆಯ ರಾತ್ರಿ ದುಡಿದವನಿಗೆ ಹೆಚ್ಚುವರಿಯಾಗಿ ಸಿಗುವುದು ಬರೀ ಐವತ್ತು ಸೆಂಟ್ ಆದ್ದರಿಂದ, ಈ ಅಂಗಡಿಯ ಲೆಕ್ಕಪತ್ರವನ್ನು ಎಷ್ಟು ನಂಬಬಹುದೆಂಬ ಸಂಶಯವೂ ಸಹಜವೇ.

2015ರ ಮಾರ್ಚ್‌ನಲ್ಲಿ ಬಂದ ಮೂರನೆಯ ಆಟ ಅಂಗಡಿ ಮುಚ್ಚಿ ಮೂವತ್ತು ವರ್ಷವಾದ ಮೇಲೆ ನಡೆಯುತ್ತದೆ. ಮುಂದಿನ ವಾದಗಳಿಗೆಲ್ಲ ಆಧಾರವಾದ ಒಂದು ಯಂತ್ರವನ್ನು ಪರಿಚಯಿಸಿದ್ದು ಅದೇ. ‘ಸ್ಪ್ರಿಂಗ್‌ಲಾಕ್’ ವೇಷವೆಂದರೆ ಮನುಷ್ಯ ತೊಡಬಹುದಾದ, ಇಲ್ಲವೇ ತಾನಾಗಿ ಕುಣಿಯಬಲ್ಲ ಗೊಂಬೆ. ತೊಡುವಾಗ ಒಳಗಿನ ಲೋಹದ ಭಾಗಗಳನ್ನು ಸ್ಪ್ರಿಂಗ್ ಕೊಂಡಿಗಳು ಪಕ್ಕಕ್ಕೆ ಹಿಡಿದಿಡುತ್ತವೆ, ಉಸಿರಿನ ತೇವ ತಾಕಿದರೂ ಕೊಂಡಿ ಬಿಚ್ಚಿಕೊಂಡು ಒಳಗಿದ್ದವನನ್ನು ಚುಚ್ಚಿ ಹಿಂಡಬಹುದು. ಮಕ್ಕಳನ್ನು ಕೊಂದ, ನೇರಳೆ ಬಣ್ಣದ ಆಕೃತಿಯಾಗಿ ಮಾತ್ರ ಕಾಣಿಸುವ ವ್ಯಕ್ತಿ ಆ ಆತ್ಮಗಳಿಗೆ ಅಂಜಿ ಮೊಲದ ವೇಷದೊಳಗೆ ಅವಿತಾಗ, ಅದೇ ವೇಷ ಅವನನ್ನು ಮುಗಿಸುತ್ತದೆ. ವಿಲಿಯಂ ಆಫ್ಟನ್ ಎಂಬ ಅವನ ಹೆಸರು ಮೊದಲು ಬಂದದ್ದು ಕಾಥನ್ ಮತ್ತು ಕೀರಾ ಬ್ರೀಡ್-ರಿಸ್ಲಿ ಸೇರಿ 2015ರ ಕೊನೆಗೆ ಪ್ರಕಟಿಸಿದ ‘ದಿ ಸಿಲ್ವರ್ ಐಸ್’ ಕಾದಂಬರಿಯಲ್ಲಿ. ಕಾದಂಬರಿಯೂ ಆಟವೂ ಒಗಟಿನ ಎರಡು ತುಂಡುಗಳಂತೆ ಒಂದಕ್ಕೊಂದು ಹೊಂದಬೇಕಾಗಿಲ್ಲವೆಂದು ಕಾಥನ್ ಸ್ಪಷ್ಟಪಡಿಸಿದ್ದರೂ, ಕೊಲೆಗಾರನ ಹೆಸರು ಆಟಕ್ಕೆ ಬಂದೇ ಬಂತು. ಅಂದಿನಿಂದ ಕಾದಂಬರಿಯಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬ ಜಗಳ ನಿಂತಿಲ್ಲ.

ಅತಿ ದೊಡ್ಡ ಬಿಕ್ಕಟ್ಟು ತಂದದ್ದು ಅದೇ ವರ್ಷದ ಜುಲೈನಲ್ಲಿ ಬಂದ ನಾಲ್ಕನೆಯ ಆಟ. ಅದರಲ್ಲಿ ಸದಾ ಅಳುವ ಒಬ್ಬ ಪುಟ್ಟ ಹುಡುಗನನ್ನು, ಅವನ ಹುಟ್ಟುಹಬ್ಬದ ದಿನ, ಅಣ್ಣನೂ ಗೆಳೆಯರೂ ಸೇರಿ ತಮಾಷೆಗೆಂದು ಫ್ರೆಡ್‌ಬೇರ್ ಎಂಬ ಗೊಂಬೆಯ ಬಾಯಿಗೆ ಒಡ್ಡುತ್ತಾರೆ, ದವಡೆ ಮುಚ್ಚಿಕೊಳ್ಳುತ್ತದೆ. ಹುಡುಗನ ಕಣ್ಣೀರೇ ಸ್ಪ್ರಿಂಗ್ ಕೊಂಡಿಗಳಿಗೆ ತೇವ ತಾಕಿಸಿತೆಂಬ ಊಹೆ, ಮೂರನೆಯ ಆಟದ ವಿವರವನ್ನು ನಾಲ್ಕನೆಯದರ ದುರಂತಕ್ಕೆ ಬೆಸೆಯುವುದರಿಂದ, ಇಡೀ ಸರಣಿಯ ಅಭಿಮಾನಿ ಊಹೆಗಳಲ್ಲೇ ಹೆಚ್ಚು ಕರುಣಾಜನಕವಾದದ್ದು. ಇದೇ ‘87ರ ಕಡಿತ’ವೆಂದು ಅನೇಕರು ಕೂಡಲೇ ನಂಬಿದರು; ಎರಡನೆಯ ಆಟದ ಹೊಸ ಗೊಂಬೆಗಳ ಆಟಿಕೆಗಳು ಹುಡುಗನ ನೆರೆಹೊರೆಯಲ್ಲಿ ಕಾಣುವುದು ಅವರ ಪ್ರಬಲ ಸಾಕ್ಷ್ಯವಾಗಿತ್ತು. ಎದುರು ಪಕ್ಷದವರು ಹುಡುಗನ ಮನೆಯ ಟಿವಿಯಲ್ಲಿ ಬರುವ ಕಾರ್ಯಕ್ರಮದ ಮೇಲಿನ 1983 ಎಂಬ ಅಂಕಿಯನ್ನು ತೋರಿಸಿದರು. ಹಳೆಯ ಕಾರ್ಯಕ್ರಮದ ಮರುಪ್ರಸಾರ ಅದಾಗಿರಬಾರದೇಕೆ ಎಂಬ ಆಕ್ಷೇಪಕ್ಕೆ ಒಂದು ವರ್ಷ ಉತ್ತರವಿರಲಿಲ್ಲ. 2016ರ ‘ಸಿಸ್ಟರ್ ಲೊಕೇಶನ್’ ಆಟದ ಗುಪ್ತಕೋಣೆಯ ಗುಂಡಿಗಳ ಮೇಲೆ 1983 ಒತ್ತಿದರೆ ಆ ಹುಡುಗನ ಮನೆಯೇ ಕ್ಯಾಮೆರಾದಲ್ಲಿ ಮೂಡಿದಾಗ, ಕಡಿತ ಒಂದಲ್ಲ, ಎರಡು ಎಂಬ ಮತಕ್ಕೆ ಬಹುಪಾಲು ಜನ ಬಂದರು.

ಹುಡುಗನ ಹಾಸಿಗೆಯ ಬದಿಯಲ್ಲಿ ಒಮ್ಮೊಮ್ಮೆ ಮಾತ್ರ ಕಾಣಿಸಿಕೊಳ್ಳುವ ಡ್ರಿಪ್ ಬಾಟಲಿ, ಮಾತ್ರೆ ಮತ್ತು ಹೂಗಳಿಂದ ಅವನು ಆಸ್ಪತ್ರೆಯಲ್ಲಿದ್ದಾನೆಂದು ಗ್ರಹಿಸಿದ್ದು ಸೂಕ್ಷ್ಮವಾದ ಓದು. ಆದರೆ ಅಷ್ಟರಿಂದಲೇ ಹಿಂದಿನ ಆಟಗಳೆಲ್ಲ ಅವನ ಕನಸೆಂದು ಸಾರಿದ ‘ಕನಸಿನ ಸಿದ್ಧಾಂತ’ ಚೆಕ್ಕು, ಕೂಲಿ, ಪತ್ರಿಕೆಗಳ ಸಾಕ್ಷ್ಯವನ್ನೆಲ್ಲ ಒಂದೇ ಏಟಿಗೆ ನಿರರ್ಥಕ ಮಾಡುವುದರಿಂದ ಸುಲಭವೆನಿಸಿದರೂ ರುಚಿಸುವುದಿಲ್ಲ. ಅದನ್ನು ಪ್ರಚುರಪಡಿಸಿದವರು ‘ಗೇಮ್ ಥಿಯರಿ’ ಎಂಬ ಯೂಟ್ಯೂಬ್ ವಾಹಿನಿಯ ಮ್ಯಾಥ್ಯೂ ಪ್ಯಾಟ್ರಿಕ್. ಮುಂದೆ ಬೇರೆ ವಾದಗಳತ್ತ ತಿರುಗಿದ ಅವರು ಈ ಸರಣಿಯ ಬಗ್ಗೆ ವರ್ಷಗಟ್ಟಲೆ ವಿಡಿಯೋಗಳನ್ನು ಮಾಡಿ, ಕೊನೆಗೆ 2023ರ ಚಲನಚಿತ್ರದಲ್ಲಿ ಹೋಟೆಲಿನ ಮಾಣಿಯಾಗಿ ಒಂದು ಕ್ಷಣ ಕಾಣಿಸಿಕೊಂಡರು. ಊಹೆ ಮಾಡುವವನೇ ಕಥೆಯೊಳಗೆ ಪಾತ್ರವಾದ ಇಂಥ ಉದಾಹರಣೆ ಅಪರೂಪ.

ಹಳೆಯ ಗ್ರಂಥಕರ್ತ ತೀರಿಹೋಗಿರುತ್ತಾನೆ, ಅವನ ಸಾಕ್ಷ್ಯ ಬದಲಾಗುವುದಿಲ್ಲ. ಇಲ್ಲಿಯ ಕರ್ತೃ ಓದುಗರ ವಾದಗಳನ್ನು ಕೇಳಿಸಿಕೊಳ್ಳುತ್ತಲೇ ಮುಂದಿನ ಸುಳಿವನ್ನು ಹೊಸೆಯುತ್ತಾನೆ. ನಾಲ್ಕನೆಯ ಆಟದ ಕೊನೆಗೆ ಬೀಗ ಜಡಿದ ಒಂದು ಪೆಟ್ಟಿಗೆಯನ್ನು ತೋರಿಸಿ, ಅದರೊಳಗೆ ಕಥೆಯ ಚೂರುಗಳೆಲ್ಲ ಕೂಡಿಕೊಂಡಿವೆಯೆಂದು ಸೂಚಿಸಿದ ಕಾಥನ್, ಅದನ್ನು ತೆರೆಯದೆ ಬಿಡುವುದೇ ಮೇಲೆಂದು ಸುಮ್ಮನಾದರು. 2017ರ ಡಿಸೆಂಬರ್‌ನಲ್ಲಿ ಅವರು ಕೊಟ್ಟದ್ದು ಇನ್ನೂ ಚಮತ್ಕಾರದ್ದು: ಒಂದು ಆಟದ ಗೋರಿಕಲ್ಲುಗಳಲ್ಲಿ ನಾಲ್ಕರ ಮೇಲೆ ಮಕ್ಕಳ ಹೆಸರು ಓದಲು ಸಿಗುತ್ತವೆ, ಐದನೆಯದನ್ನು ಹುಲ್ಲು ಮರೆಮಾಡಿದೆ, ಅದೇ ತಿಂಗಳು ಬಂದ ‘ಸರ್ವೈವಲ್ ಲಾಗ್‌ಬುಕ್’ ಎಂಬ ಚಟುವಟಿಕೆ ಪುಸ್ತಕದಲ್ಲಿ ಮಾಸಲು ಅಕ್ಷರಗಳು ಪ್ರಶ್ನೆ ಕೇಳುತ್ತವೆ, ತಿದ್ದಿದ ಅಕ್ಷರಗಳು ಉತ್ತರಿಸುತ್ತವೆ, ಮತ್ತು ಪದ ಹುಡುಕುವ ಒಗಟಿನೊಳಗಿಂದ ಅಭಿಮಾನಿಗಳು ಕ್ಯಾಸಿಡಿ ಎಂಬ ಹೆಸರನ್ನು ಹೆಕ್ಕಿದರು. ಹುಲ್ಲಿನ ಹಿಂದಿನ ಹೆಸರು ಅದೇ ಎನ್ನುವವರು ಹೆಚ್ಚು.

ಇಷ್ಟೆಲ್ಲ ಆದರೂ ಮೊದಲ ಆಟದ ಫೋನಿನ ದನಿ ಬಿಟ್ಟುಹೋದ ‘87ರ ಕಡಿತ’ ಯಾರಿಗೆ ಆಯಿತೆಂಬುದು ಆಟದಲ್ಲಿ ಎಲ್ಲೂ ಕಾಣಿಸಿಲ್ಲ. ಎರಡನೆಯ ಆಟದ ಆರನೆಯ ರಾತ್ರಿ ಕಾವಲುಗಾರ ಜೆರೆಮಿ ಫಿಟ್ಜ್‌ಜೆರಾಲ್ಡ್‌ಗೆ ಒಂದು ಆದೇಶ ಬರುತ್ತದೆ: ನಾಳೆ ಹಗಲು ಕೊನೆಯದೊಂದು ಹುಟ್ಟುಹಬ್ಬವಿದೆ, ಸಮವಸ್ತ್ರ ತೊಟ್ಟು ಗೊಂಬೆಗಳ ಹತ್ತಿರವೇ ನಿಂತು, ಅವು ಯಾರಿಗೂ ನೋವು ಮಾಡದಂತೆ ನೋಡಿಕೊಳ್ಳಬೇಕು. ಕಚ್ಚಿಸಿಕೊಂಡವನು ಜೆರೆಮಿಯೇ ಎಂದು ಹಲವರು ನಂಬಿರುವುದು ಈ ಮಾತಿನ ಮೇಲೆ. ಆಟಗಾರನಾದರೋ ರಾತ್ರಿಯ ಕಾವಲುಗಾರ. ಬೆಳಗಿನ 6 ಗಂಟೆ ಹೊಡೆಯುತ್ತಲೇ ಅವನ ಪಾಲಿನ ಆಟ ಮುಗಿಯುತ್ತದೆ, ಮರುದಿನದ ಹುಟ್ಟುಹಬ್ಬಕ್ಕೆ ಅವನಿಗೆ ಪ್ರವೇಶವಿಲ್ಲ.